ಮರದ ಮರ್ಮ ಮತ್ತು ಯಂತ್ರದ ಕಣ್ಣು

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಸುತ್ತಮುತ್ತ, ಹಾಗೆಯೇ ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲಗಳ ಹಳ್ಳಿಗಳಲ್ಲಿ, ಬಡಗಿಯ ಕಸುಬು ಬಹುಕಾಲ ಬೇಸಾಯವನ್ನು ನೆಚ್ಚಿಕೊಂಡೇ ಬೆಳೆದದ್ದು. ನೇಗಿಲು, ನೊಗ, ಕುಂಟೆ, ಎತ್ತಿನ ಗಾಡಿಗಳು ಒಂದು ಕಡೆ, ಮನೆಯ ದಾರಂದ, ಕಿಟಕಿ, ತೊಲೆಗಳು ಇನ್ನೊಂದು ಕಡೆ. ಕಬ್ಬು ಟೈರು ಗಾಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ ಸಕ್ಕರೆ ಕಾರ್ಖಾನೆಗೆ ಸಾಗತೊಡಗಿದ ಮೇಲೆ ಮರದ ಚಕ್ರ ಕೇಳುವವರು ಕಡಿಮೆಯಾದರು. ಈಗ ಉಳಿದಿರುವುದು ಹೆಚ್ಚಾಗಿ ಬಾಗಿಲು, ಮಂಚ, ಪ್ಲೈವುಡ್ ಬೀರುಗಳ ಕೆಲಸ. ಕೃತಕ ಬುದ್ಧಿಮತ್ತೆ, ಅಂದರೆ ಅಪಾರ ಸಂಖ್ಯೆಯ ಚಿತ್ರ, ಬರಹ, ಧ್ವನಿಗಳಿಂದ ಮಾದರಿಗಳನ್ನು ಗ್ರಹಿಸಿ ಹೊಸ ಪ್ರಶ್ನೆಗೆ ಉತ್ತರ ಊಹಿಸುವ ತಂತ್ರಾಂಶ, ಈ ಕಸುಬಿನೊಳಕ್ಕೆ ಬರುತ್ತಿರುವುದು ಯಂತ್ರದಂಗಡಿಯಿಂದಲ್ಲ, ಗಿರಾಕಿಯ ಮೊಬೈಲಿನಿಂದ.

ಈ ತಂತ್ರಾಂಶ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿಯಲು ಕೈಬಿಟ್ಟುಹೋಗುತ್ತಿರುವ ಆ ಚಕ್ರವೇ ಒಳ್ಳೆಯ ಉದಾಹರಣೆ. ನಡುವಿನ ಗುಂಬಕ್ಕೆ ಅರಗಳನ್ನು ಬಡಿದು, ಅವುಗಳ ತುದಿಗೆ ಬಾಗಿದ ಮರದ ತುಂಡುಗಳನ್ನು ಜೋಡಿಸಿ, ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಹೊರಗಿನಿಂದ ತೊಡಿಸಿ ನೀರು ಹೊಯ್ದಾಗ, ಪಟ್ಟಿ ಕುಗ್ಗಿ ಇಡೀ ಚಕ್ರವನ್ನು ಬಿಗಿಯುತ್ತದೆ. ಅಳತೆ ಎಷ್ಟೇ ಸರಿಯಿದ್ದರೂ ಮರ ಹಸಿಯಾಗಿದ್ದರೆ ಒಂದೆರಡು ಬೇಸಿಗೆಯಲ್ಲಿ ಅರಗಳು ಅಲುಗಾಡುತ್ತವೆ. ಒಣಗಿ ಸಡಿಲಾದ ಚಕ್ರಗಳನ್ನು ರೈತರು ಕೆರೆಯ ನೀರಿನಲ್ಲಿ ನೆನೆಸಿಡುತ್ತಿದ್ದುದು ಇದಕ್ಕಾಗಿಯೇ. ಮರವು ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಆದರೆ ಬೆಳವಣಿಗೆಯ ಉಂಗುರಗಳ ಗುಂಟ ಅದು ಕುಗ್ಗುವ ಪ್ರಮಾಣ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವ ಪ್ರಮಾಣದ ಸುಮಾರು ಎರಡರಷ್ಟಿರುತ್ತದೆ. ಹಲಗೆ ಸೊಟ್ಟಗಾಗುವುದಕ್ಕೆ ಮುಖ್ಯ ಕಾರಣ ಈ ಏರುಪೇರೇ; ಬಾಗಿಲು ಮಳೆಗಾಲದಲ್ಲಿ ಹಿಡಿದುಕೊಳ್ಳುವುದು ಮರ ತೇವ ಹೀರಿ ಅಗಲಕ್ಕೆ ಹಿಗ್ಗುವುದರಿಂದ. ಕೊಯ್ದ ಹಲಗೆಯ ತುದಿಯಲ್ಲಿ ಉಂಗುರಗಳು ಯಾವ ಕಡೆ ಬಾಗಿವೆಯೆಂದು ನೋಡಿ, ಅದು ಮುಂದೆ ಹೇಗೆ ತಿರುಚಿಕೊಳ್ಳಬಹುದೆಂದು ನುರಿತ ಆಚಾರಿ ಮೊದಲೇ ಹೇಳುತ್ತಾನೆ.

ಚಿತ್ರ ರಚಿಸುವ ತಂತ್ರಾಂಶಕ್ಕೆ ಇದು ಯಾವುದೂ ತಿಳಿದಿರಬೇಕಾಗಿಲ್ಲ. ಅದು ಬಾಗಿಲಿನ ಲಕ್ಷಾಂತರ ಚಿತ್ರಗಳನ್ನು ಕಂಡಿರುತ್ತದೆಯೇ ಹೊರತು ಒಂದು ಬಾಗಿಲನ್ನೂ ಬಿಗಿದಿರುವುದಿಲ್ಲ. ಹೀಗಾಗಿ ಗಿರಾಕಿ ತೋರಿಸುವ ಚಿತ್ರದಲ್ಲಿ ಬಳ್ಳಿಯ ಕೆತ್ತನೆ ಚೆಲುವಾಗಿದ್ದರೂ, ಕುರ್ಚಿಯ ಕಾಲು ಆಸನಕ್ಕೆ ಎಲ್ಲಿ ಕೂಡುತ್ತದೆಂಬುದು ಮಸುಕಾಗಿರಬಹುದು. ಅಡ್ಡಪಟ್ಟಿಯ ತುದಿ ಯಾವ ತೂತಿನೊಳಕ್ಕೆ ಹೋಗಬೇಕೆಂಬುದು ಇಲ್ಲದೆಯೂ ಇರಬಹುದು. ಅಂಥ ಚಿತ್ರವನ್ನು ಗಿರಾಕಿಯ ಮನಸ್ಸಿನಲ್ಲಿರುವುದನ್ನು ತಿಳಿಯುವ ಸಾಧನವಾಗಿ ಬಳಸಿ, ನಕ್ಷೆಯನ್ನು ಬಡಗಿಯೇ ಹೊಸದಾಗಿ ಬರೆದುಕೊಳ್ಳುವುದು ಸರಿಯಾದ ಕ್ರಮ.

ಇದಕ್ಕಿಂತ ಗಟ್ಟಿಯಾದ ಉಪಯೋಗ ಮರದ ಗುರುತಿಸುವಿಕೆಯಲ್ಲಿದೆ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯವು ರೂಪಿಸಿದ ಕ್ಸೈಲೋಟ್ರಾನ್ ಎಂಬ ಸಾಧನ, ಮರದ ಅಡ್ಡಸೀಳಿಕೆಯನ್ನು ಹಿಗ್ಗಿಸಿ ಚಿತ್ರ ತೆಗೆದು, ಅದರ ರಂಧ್ರಗಳ ಜೋಡಣೆಯಿಂದ ಜಾತಿಯನ್ನು ಊಹಿಸುತ್ತದೆ; ಮಹೋಗನಿ ಕುಟುಂಬದ ಮರಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರ ನಿಖರತೆ ಶೇ. 87.4ರಿಂದ 97.5ರವರೆಗೆ ಇತ್ತು. ಇದು ನಡೆಯುವ ಬಗೆ ಬಡಗಿಗೆ ಹೊಸದೇನಲ್ಲ. ತೇಗದ ತುದಿಯನ್ನು ಹರಿತವಾದ ಉಳಿಯಿಂದ ನಯವಾಗಿ ಕೊಯ್ದರೆ, ದೊಡ್ಡ ರಂಧ್ರಗಳು ಪ್ರತಿ ವರ್ಷದ ಬೆಳವಣಿಗೆಯ ಮೊದಲಲ್ಲಿ ಸಾಲುಗಟ್ಟಿ ಉಂಗುರವಾಗಿರುವುದು ಬರಿಗಣ್ಣಿಗೂ ಕಾಣುತ್ತದೆ. ತೇಗದ ಹೆಸರಿನಲ್ಲಿ ಬೇರೆ ಮರ ಕೊಂಡು ಮೋಸಹೋಗುವ ಮನೆಯವರಿಗೆ ಇಂಥ ಸಾಧನ ನಿಜವಾಗಿ ನೆರವಾದೀತು. ಆದರೆ ಹೊನ್ನೆಯ ಚಕ್ಕೆಯನ್ನು ನೀರಿನಲ್ಲಿ ನೆನೆಸಿದಾಗ ಆ ನೀರು ಬೆಳಕಿಗೆ ನೀಲಿಯಾಗಿ ಹೊಳೆಯುವುದನ್ನು ಮರದ ಚಿತ್ರವೊಂದೇ ತೋರಿಸಲಾರದು. ಜೊತೆಗೆ, ಯಂತ್ರ ಗುರುತಿಸುವುದು ತನಗೆ ಕಲಿಸಿದ ಜಾತಿಗಳನ್ನು ಮಾತ್ರ. ಮಂಡ್ಯ ಸೀಮೆಯ ಜಾಲಿ, ಬೇವು, ಹಲಸು, ಮತ್ತಿಗಳ ಮಾದರಿಗಳನ್ನು ಯಾರಾದರೂ ಸಂಗ್ರಹಿಸಿ ಕೊಡದ ಹೊರತು ಅದಕ್ಕೆ ಅವು ಗೊತ್ತಾಗುವುದಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೂ ಹಳ್ಳಿಯ ಆಚಾರಿಗಳಿಗೂ ನಡುವೆ ಇಂಥದೊಂದು ಕೊಡುಕೊಳ್ಳುವಿಕೆ ಸಾಧ್ಯವಿದೆ.

ಲೆಕ್ಕದ ಕೆಲಸಗಳಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಈಚೆಗೆ ಪ್ರತಿಯೊಂದನ್ನೂ ಕೃತಕ ಬುದ್ಧಿಮತ್ತೆಯೆಂದು ಹೆಸರಿಟ್ಟು ಮಾರಲಾಗುತ್ತಿದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಾಳೆಯಿಂದ ಬೀರುವಿನ ತುಂಡುಗಳನ್ನು ಕಡಿಮೆ ವ್ಯರ್ಥವಾಗುವಂತೆ ಹೇಗೆ ಕತ್ತರಿಸಬೇಕೆಂದು ತೋರಿಸುವ ತಂತ್ರಾಂಶ ಬಹಳ ಹಳೆಯ ಗಣಿತ. ಗರಗಸದ ಬಾಯಿ ತಿನ್ನುವ ದಪ್ಪವನ್ನು ಅದಕ್ಕೆ ತಿಳಿಸಲು ಮರೆತರೆ ಕೊನೆಯ ತುಂಡು ಗಿಡ್ಡವಾಗುತ್ತದೆ. ಮನೆ ಕಟ್ಟುವಾಗ ನೋಡುವ ಆಯ, ಅಂದರೆ ಅಳತೆಯನ್ನು ಗೊತ್ತಾದ ಸಂಖ್ಯೆಯಿಂದ ಗುಣಿಸಿ ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಧ್ವಜ, ಸಿಂಹ, ವೃಷಭ, ಗಜ ಮೊದಲಾದವುಗಳನ್ನು ನಿರ್ಣಯಿಸುವ ಪದ್ಧತಿಗಂತೂ ಸಾಮಾನ್ಯ ಕ್ಯಾಲ್ಕ್ಯುಲೇಟರೇ ಸಾಕು.

ನಿಜವಾದ ತೊಡಕು ಭಾಷೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಮಾತನ್ನು, ಅವುಗಳ ಪ್ರಾದೇಶಿಕ ಭೇದಗಳೊಂದಿಗೆ ಸಂಗ್ರಹಿಸಿತು. ಆದರೆ ಅದು ಆರಿಸಿಕೊಂಡ ವಿಷಯಗಳು ಕೃಷಿ ಮತ್ತು ಹಣಕಾಸು. ಬಾಚಿ, ಹತ್ತರಿ, ಬೈರಿಗೆ, ಕೊಡತಿ ಎಂದು ಮಂಡ್ಯದ ಆಡುಮಾತಿನಲ್ಲಿ ಹೇಳಿ ಅಂದಾಜು ಪಟ್ಟಿ ಬರೆಸಿಕೊಳ್ಳಲು ಹೊರಟ ಬಡಗಿಯ ಮಾತಿನಲ್ಲಿ ಯಂತ್ರ ಎಡವುವುದು ಇಲ್ಲೇ. ಈ ಕೊರತೆ ತುಂಬಲು ಒಂದು ದಾರಿಯಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ, ಬಡಗಿತನವೂ ಸೇರಿದ 18 ಕಸುಬುಗಳಿಗೆ ಐದರಿಂದ ಏಳು ದಿನಗಳ ಮೂಲ ತರಬೇತಿ, ಆ ದಿನಗಳಿಗೆ 500 ರೂಪಾಯಿ ದಿನಭತ್ಯೆ ಹಾಗೂ ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು ಕೊಡುತ್ತದೆ. ಇಂಥ ತರಬೇತಿಗೆ ಬರುವ ಆಚಾರಿಗಳಿಂದಲೇ ಮರದ ತುದಿಗಳ ಚಿತ್ರ, ಆ ಮರಗಳಿಗೆ ಊರಲ್ಲಿರುವ ಹೆಸರು, ಉಪಕರಣಗಳ ಉಚ್ಚಾರಣೆಗಳನ್ನು ದಾಖಲಿಸಿಕೊಳ್ಳಬಹುದು. ಹಾಗೆ ಮಾಡುವುದಾದರೆ ಆ ಹೊತ್ತಿಗೂ ಕೂಲಿ ಲೆಕ್ಕ ಹಾಕಬೇಕು, ಆ ಕೂಲಿ ತರಬೇತಿಯ ಭತ್ಯೆಗಿಂತ ಬೇರೆಯಾಗಿರಬೇಕು, ಮತ್ತು ಹೇಳಿಕೊಟ್ಟ ಊರಿನ ಹೆಸರೂ ದಾಖಲೆಯಲ್ಲಿ ಇರಬೇಕು.