ಪೆನ್ ಡ್ರೈವ್‌ಗೆ ಬಂದ ಕ್ಯಾಸೆಟ್ ಕಾಲದ ಆಟಗಳು

2011ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಪ್ಲಸ್ ಟು ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರು ಮಾಡಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಯೋಜನೆಯಾದ್ದರಿಂದ ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ಬಾಗಲೂರು ಕಡೆಯ ಕನ್ನಡ ಮನೆಗಳಿಗೂ ಅವು ಬಂದವು. ಮೊದಮೊದಲ ಯಂತ್ರಗಳಲ್ಲಿ ವಿಂಡೋಸ್ 7 ಸ್ಟಾರ್ಟರ್ ಜೊತೆಗೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಇತ್ತು. ಇಂದಿನ ದೊಡ್ಡ ಆಟಗಳನ್ನು ಅವು ಹೊರಲಾರವು. ಆದರೆ ಈ ಮಕ್ಕಳ ಅಪ್ಪ, ಚಿಕ್ಕಪ್ಪಂದಿರು ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡಿದ ಆಟಗಳಿಗೆ ಅಂಥ ಯಂತ್ರ ಧಾರಾಳವಾಗಿ ಸಾಕು.

ಆ ‘ಟಿವಿ ಗೇಮ್’ ಡಬ್ಬಗಳಲ್ಲಿ ಹೆಚ್ಚಿನವು 1983ರಲ್ಲಿ ಜಪಾನಿನ ನಿಂಟೆಂಡೊ ತಂದ ಫ್ಯಾಮಿಕಾಮ್‌ನ ನಕಲುಗಳು. ಮೂಲ ಯಂತ್ರದ ರ್‍ಯಾಮ್ ಬರೀ 2 ಕೆಬಿ; 2 ಜಿಬಿಯ ಹಳೆಯ ಲ್ಯಾಪ್‌ಟಾಪ್ ಕೂಡ ಅದರ ಹತ್ತು ಲಕ್ಷ ಪಟ್ಟು. 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿಯಾಗಿ 40 ಕೆಬಿಯಲ್ಲಿ ಅಡಗಿ ಕೂತಿದೆ. 2000ದಲ್ಲಿ ಮಾರುಕಟ್ಟೆಗೆ ಬಂದ 8 ಎಂಬಿ ಪೆನ್ ಡ್ರೈವ್‌ನಲ್ಲೇ ಅಂಥ ಇನ್ನೂರು ಆಟ ಹಿಡಿಯುತ್ತಿದ್ದವು.

ಈ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ತಂತ್ರಾಂಶವೇ ಎಮ್ಯುಲೇಟರ್. ಹೊಸೂರಿನ ಸಂತೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರನ್ನೂ ಬಲ್ಲವರು ನಡುವೆ ನಿಂತು ವ್ಯಾಪಾರ ಕುದುರಿಸುವಂತೆ, ಅದು ಹಳೆಯ ಚಿಪ್ಪಿನ ಒಂದೊಂದು ಆದೇಶವನ್ನೂ ಈಗಿನ ಪ್ರೊಸೆಸರ್‌ಗೆ ತಿಳಿಯುವಂತೆ ಹೇಳುತ್ತದೆ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಆರಂಭಿಸಿದ ಮೇಮ್, ಮೊದಲಿಗೆ ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ಯಂತ್ರಗಳಿಗೆ ಮೀಸಲಾಗಿತ್ತು. ಟಿವಿ ಗೇಮ್ ಡಬ್ಬಕ್ಕೆ ಸಿಕ್ಕಿಸುತ್ತಿದ್ದ ಕ್ಯಾಸೆಟ್ ಆಟಗಳಿಗೆ ಎಫ್‌ಸಿಇಯುಎಕ್ಸ್ ಇದೆ. ಹಲವು ಬಗೆಯ ಯಂತ್ರಗಳನ್ನು ಒಂದೇ ಕಡೆ ನಡೆಸಲು ರೆಟ್ರೋಆರ್ಚ್ ಇದೆ.

ಪೆನ್ ಡ್ರೈವ್‌ನ ನಿಜವಾದ ಉಪಯೋಗ ಇರುವುದು ಸ್ವಂತ ಕಂಪ್ಯೂಟರ್ ಇಲ್ಲದವರಿಗೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಹೊಸ ತಂತ್ರಾಂಶ ಹಾಕಲು ಅವಳು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ವಿಂಡೋಸ್‌ನ ಎಫ್‌ಸಿಇಯುಎಕ್ಸ್ ಅನ್ನು ಇನ್‌ಸ್ಟಾಲ್ ಮಾಡಬೇಕಿಲ್ಲ. ಜಿಪ್ ಬಿಚ್ಚಿ ಪೆನ್ ಡ್ರೈವ್‌ನ ಒಂದು ಫೋಲ್ಡರಿಗೆ ಹಾಕಿದರೆ ಮುಗಿಯಿತು. ಕೀಲಿಗಳ ಜೋಡಣೆ, ಅರ್ಧಕ್ಕೆ ಉಳಿಸಿದ ಆಟ ಎಲ್ಲವೂ ಅದೇ ಫೋಲ್ಡರಿನಲ್ಲಿ ಇರುತ್ತವೆ. ಸಂಜೆ ಅಕ್ಕನ ಯಂತ್ರದಲ್ಲಿ ನಿಲ್ಲಿಸಿದ ಹಂತದಿಂದಲೇ ಮರುದಿನ ಗೆಳೆಯನ ಮನೆಯಲ್ಲಿ ಮುಂದುವರಿಸಬಹುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರಿಗೆ ಬಟೋಸೆರಾ, ಲಕ್ಕಾ ಇವೆ. ಅವು ಪೆನ್ ಡ್ರೈವ್‌ನಿಂದಲೇ ಬೂಟ್ ಆಗುವ ಲಿನಕ್ಸ್‌ಗಳು, ಒಳಗಿನ ವಿಂಡೋಸ್ ತಂಟೆಗೆ ಹೋಗುವುದಿಲ್ಲ. ಎಚ್ಚರ ಬೇಕಾದದ್ದು ಪೆನ್ ಡ್ರೈವ್ ಬಗ್ಗೆಯೇ. ಬರೆಯುತ್ತಿರುವಾಗ ಕಿತ್ತರೆ ಉಳಿಸಿದ ಆಟ ಹೋಗುತ್ತದೆ. ಎರಡನೇ ಪ್ರತಿ ಬೇರೆ ಕಡೆ ಇರಲೇಬೇಕು.

ಎಮ್ಯುಲೇಟರ್‌ನಲ್ಲಿ ಮಾರಿಯೋ ಯಾಕೋ ಜೋರಾಗಿ ಓಡುತ್ತಾನೆ ಎಂದು ನಲವತ್ತರ ಹರೆಯದವರಿಗೆ ಅನ್ನಿಸಿದರೆ ಅದು ಭ್ರಮೆಯೇ ಆಗಿರಬೇಕಿಲ್ಲ. ಜಪಾನಿನ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 60 ಬಾರಿ ಚಿತ್ರ ಬದಲಾಗುತ್ತದೆ. ನಮ್ಮ ದೂರದರ್ಶನ ಅನುಸರಿಸಿದ ಪಾಲ್ ಪದ್ಧತಿಯಲ್ಲಿ 50. ಪಾಲ್‌ಗೆ ಹೊಂದಿಸಿದ ನಕಲು ಡಬ್ಬಗಳಲ್ಲಿ ಅದೇ ಆಟ ಆರರಲ್ಲೊಂದು ಪಾಲು ನಿಧಾನವಾಗುತ್ತಿತ್ತು. ರಷ್ಯಾದಲ್ಲಿ ಮನೆಮಾತಾದ ಇಂಥದೇ ನಕಲು ಯಂತ್ರ ಡೆಂಡಿ. ಎಫ್‌ಸಿಇಯುಎಕ್ಸ್‌ನಲ್ಲಿ ಆ ಹೆಸರಿನದೇ ಒಂದು ಆಯ್ಕೆ ಇದೆ. ಅದನ್ನು ಒತ್ತಿ, ಬಾಲ್ಯದ ನಡಿಗೆ ಮರಳುತ್ತದೆಯೇ ನೋಡಿ. ಅಧಿಕೃತ ಮರುಬಿಡುಗಡೆಗಳಲ್ಲಿ ಇಂಥ ನಕಲು ಯಂತ್ರಗಳ ನೆನಪಿಗೆ ಜಾಗವಿಲ್ಲ. ಅದನ್ನು ಕಾಪಾಡಿದವರು ಎಮ್ಯುಲೇಟರ್ ಬರೆದ ಹವ್ಯಾಸಿಗಳು. ನನಗೆ ಅವರ ಮೇಲೆ ಬಹಳ ಗೌರವ.

ಕಾನೂನಿನ ಮಾತನ್ನು ಮುಚ್ಚಿಡಬಾರದು. ಎಮ್ಯುಲೇಟರ್ ಬರೆಯುವುದು ತಪ್ಪಲ್ಲ. ಸೋನಿ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಎಮ್ಯುಲೇಟರ್ ತಯಾರಿಸಿದ ಕನೆಕ್ಟಿಕ್ಸ್ ಕಂಪನಿಯ ಪರ ನಿಂತಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕೂಡ, ನ್ಯಾಯವಾಗಿ ಪಡೆದ ತಂತ್ರಾಂಶದ ಪ್ರತಿಯನ್ನು ಸ್ವಂತ ಬಳಕೆಗೆ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ‘9999 ಇನ್ 1’ ಎಂದು ಬರೆದ ಆ ಕ್ಯಾಸೆಟ್‌ಗಳೇ ಕದ್ದ ಸರಕು. ಅದು ನಮ್ಮಲ್ಲಿತ್ತು ಎಂಬ ಕಾರಣಕ್ಕೆ ಹಕ್ಕು ಹುಟ್ಟುವುದಿಲ್ಲ. ಇನ್ನೊಂದೆಡೆ, 2010ಕ್ಕೂ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲೇ ಇಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತೋರಿಸಿತು. ಮಾರುವುದೂ ಇಲ್ಲ, ಉಳಿಸಲು ಬಿಡುವುದೂ ಇಲ್ಲ ಎನ್ನುವ ಕಂಪನಿಗಳ ನಿಲುವು ನನಗೆ ಒಪ್ಪಿಗೆಯಾಗುವುದಿಲ್ಲ.

ಹಾಗೆಂದು ಮಕ್ಕಳ ಕೈಗೆ ಕದ್ದ ಫೈಲು ಕೊಡಬೇಕಾಗಿಲ್ಲ. ಮಾರ್ಫ್‌ಕ್ಯಾಟ್ ಗೇಮ್ಸ್ 2019ರಲ್ಲಿ ಇದೇ ಹಳೆಯ ಯಂತ್ರಕ್ಕಾಗಿ ಮೈಕ್ರೋ ಮೇಜಸ್ ಎಂಬ ಹೊಸ ಆಟ ಬರೆಯಿತು. ಅದೂ 40 ಕೆಬಿಯೊಳಗೇ ಮುಗಿದಿದೆ, ನಾಲ್ವರು ಒಟ್ಟಿಗೆ ಆಡಬಹುದು. ದುಡ್ಡು ಕೊಟ್ಟು ಕೊಂಡರೆ ಎಮ್ಯುಲೇಟರ್‌ಗೆ ಹಾಕುವ ಫೈಲೂ ಸಿಗುತ್ತದೆ. ದುಡ್ಡಿಲ್ಲದೆ ಬೇಕೆಂದರೆ ಗ್ರಿಡ್ಲೀ ಇದೆ. 1980ರ ದಶಕದ ಆರಂಭದಲ್ಲಿ ತಯಾರಾಗಿ, ಮಾರುಕಟ್ಟೆ ಕಾಣದೆ ಉಳಿದುಹೋದ ಆಟ ಅದು. ವಾಣಿಜ್ಯೇತರ ಬಳಕೆಗೆ ಮೇಮ್ ತಂಡ ಅದನ್ನು ಉಚಿತವಾಗಿ ಹಂಚುತ್ತದೆ. ಮೂಲದಲ್ಲಿ ಉರುಳು ಚೆಂಡಿನಿಂದ ಆಡುವಂಥದ್ದು. ಲ್ಯಾಪ್‌ಟಾಪ್‌ಗೆ ಒಂದು ಮೌಸ್ ಸಿಕ್ಕಿಸಿದರೆ ಆಟ ಸಲೀಸು.