ನಿರ್ಮಾಪಕ ಅಂದ್ರೆ ದುಡ್ಡು ಹಾಕೋರು ಮಾತ್ರನಾ?

ಕಳೆದ ವರ್ಷ ಕಾಲೇಜು ಹಬ್ಬಕ್ಕೆ ಅಂತ ನಮ್ಮ ಕನ್ನಡ ಸಂಘದಿಂದ ಹನ್ನೆರಡು ನಿಮಿಷದ ಕಿರುಚಿತ್ರ ಮಾಡಿದೆವು. ನಿರ್ದೇಶಕರಿದ್ದರು, ಕ್ಯಾಮೆರಾ ಹಿಡಿಯೋರಿದ್ದರು, ಎಡಿಟಿಂಗ್‌ಗೆ ಮೂರು ಜನ ಕಿತ್ತಾಡುತ್ತಿದ್ದರು. ಖರ್ಚು 18 ಸಾವಿರ ಅಂದುಕೊಂಡಿದ್ದು 31 ಸಾವಿರಕ್ಕೆ ಹೋಯಿತು. ಯಲಹಂಕದ ಹತ್ತಿರ ಒಂದು ಕೆರೆ ದಂಡೆಗೆ ಬೆಳಗ್ಗೆ ಆರಕ್ಕೇ ಹೋಗಿ ನಿಂತರೆ ಕಾವಲುಗಾರರು "ಪರ್ಮಿಷನ್ ಲೆಟರ್ ಎಲ್ರಪ್ಪಾ?" ಅಂದರು. ಯಾರ ಹತ್ತಿರವೂ ಇರಲಿಲ್ಲ. ಬಾಡಿಗೆ ಕ್ಯಾಮೆರಾದ ಒಂದು ದಿನದ ದುಡ್ಡು ಹಾಗೇ ಹೋಯಿತು. ಹಿನ್ನೆಲೆಗೆ ಹಳೇ ಸಿನಿಮಾ ಹಾಡು ಹಾಕಿದ್ದರಿಂದ ಹೊರಗಿನ ಸ್ಪರ್ಧೆಗೆ ಕಳಿಸೋಕೂ ಆಗಲಿಲ್ಲ. ಟೈಟಲ್‌ನಲ್ಲಿ ಮಾತ್ರ "ನಿರ್ಮಾಣ: ಕನ್ನಡ ಸಂಘ" ಅಂತ ದೊಡ್ಡದಾಗಿ ಇತ್ತು. ನಿಜ ಹೇಳಬೇಕೆಂದರೆ ಆ ಕೆಲಸವನ್ನು ಯಾರೂ ಮಾಡಿರಲೇ ಇಲ್ಲ.

ಹಾಗಾದರೆ ಆ ಕೆಲಸ ಏನು? ಅದನ್ನು ಕಾಲೇಜಿನಲ್ಲಿ ಕಲಿಸ್ತಾರಾ? ಈ ಪ್ರಶ್ನೆ ಹಿಡಿದು ಹುಡುಕಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಿರ್ಮಾಪಕರ ಕೆಲಸ ಶುರುವಾಗುವುದು ಚಿತ್ರಕಥೆಯನ್ನು ಬಿಡಿಸುವುದರಿಂದ. ಪ್ರತಿ ದೃಶ್ಯಕ್ಕೆ ಯಾವ ಜಾಗ, ಯಾವ ನಟರು, ಹಗಲೋ ರಾತ್ರಿಯೋ, ಏನೇನು ಸಾಮಾನು ಬೇಕು ಅಂತ ಪಟ್ಟಿ ಮಾಡಬೇಕು. 3ನೇ ದೃಶ್ಯ ಮತ್ತು 41ನೇ ದೃಶ್ಯ ಎರಡೂ ಯಶವಂತಪುರ ರೈಲ್ವೆ ಸ್ಟೇಷನ್‌ನಲ್ಲೇ ಇದ್ದರೆ, ಕಥೆಯ ಕ್ರಮ ಏನೇ ಇರಲಿ, ಎರಡನ್ನೂ ಒಂದೇ ದಿನ ಮುಗಿಸಬೇಕು. ಅದಕ್ಕೆ ರೈಲ್ವೆಯ ಅನುಮತಿ ಮೊದಲೇ ಕೈಯಲ್ಲಿರಬೇಕು, ಆ ಎರಡೂ ದೃಶ್ಯದ ನಟರು ಅವತ್ತೇ ಸಿಗಬೇಕು. ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ನಾವು ಬಾಯಿಪಾಠ ಮಾಡಿ ಮರೆತ ಪರ್ಟ್, ಸಿಪಿಎಂ ಇದೇ ಜಾತಿಯ ಲೆಕ್ಕ.

ಎರಡನೆಯದು ಹಕ್ಕು. ಇದು ನಮಗೆ ಗೊತ್ತೇ ಇರಲಿಲ್ಲ ನೋಡಿ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ದೇಶಕರಲ್ಲ, ನಿರ್ಮಾಪಕರು. ಕಥೆ, ಹಾಡು, ನಟನೆ ಎಲ್ಲದಕ್ಕೂ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುವ ಜವಾಬ್ದಾರಿಯೂ ಅವರದೇ. ಒಂದು ಹಾಡಿನ ಅನುಮತಿ ಇಲ್ಲದಿದ್ದರೆ ಇಡೀ ಸಿನಿಮಾ ನಿಂತುಹೋಗಬಹುದು. ನಮ್ಮದು ನಿಂತಿದ್ದು ಅಲ್ಲೇ.

ಮೂರನೆಯದು ದುಡ್ಡಿನ ಲೆಕ್ಕ. ಒಂದು ಕೋಟಿ ಸಾಲವನ್ನು ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ತಂದಿದ್ದಾರೆ ಅಂತ ಇಟ್ಟುಕೊಳ್ಳಿ. ಬಿಡುಗಡೆ ಆರು ತಿಂಗಳು ಮುಂದೆ ಹೋದರೆ ಬಡ್ಡಿಯೇ 12 ಲಕ್ಷ ಹೆಚ್ಚಾಗುತ್ತದೆ. ಪರದೆ ಮೇಲೆ ಒಂದು ಫ್ರೇಮೂ ಹೆಚ್ಚಾಗುವುದಿಲ್ಲ. ಥಿಯೇಟರ್ ಪಾಲು, ಟಿವಿ, ಒಟಿಟಿ, ಡಬ್ಬಿಂಗ್, ಆಡಿಯೋ ಹಕ್ಕು, ಇವುಗಳಲ್ಲಿ ಎಲ್ಲಿಂದ ಎಷ್ಟು ಬರಬಹುದು ಅನ್ನುವುದನ್ನು ಶೂಟಿಂಗ್‌ಗೆ ಮುಂಚೆಯೇ ಯೋಚಿಸಬೇಕು. ಕನ್ನಡದಲ್ಲಿ ಈಗ ವರ್ಷಕ್ಕೆ ಇನ್ನೂರರ ಆಸುಪಾಸು ಸಿನಿಮಾ ಬರುತ್ತವೆ. ಹಾಕಿದ ದುಡ್ಡು ವಾಪಸ್ ಬರುವುದು ಕೆಲವಕ್ಕೆ ಮಾತ್ರ. ಊರಿನ ಜಮೀನು ಮಾರಿ ಸಿನಿಮಾ ಮಾಡಿ ಕೈಸುಟ್ಟುಕೊಂಡವರ ಕಥೆ ಕೇಳದವರು ನಮ್ಮಲ್ಲಿ ಯಾರಿದ್ದಾರೆ?

ಬೇರೆ ದಾರಿ ಹುಡುಕಿದವರೂ ಇದ್ದಾರೆ. ಪವನ್ ಕುಮಾರ್ ಅವರ 'ಲೂಸಿಯಾ' (2013) ಸಿನಿಮಾಕ್ಕೆ ನೂರಕ್ಕೂ ಹೆಚ್ಚು ಪ್ರೇಕ್ಷಕರೇ ಸೇರಿ ಸುಮಾರು 50 ಲಕ್ಷ ರೂಪಾಯಿ ಹೊಂದಿಸಿಕೊಟ್ಟರು. ಇಂಥ ದಾರಿ ಕಂಡುಕೊಳ್ಳುವುದೂ ನಿರ್ಮಾಣದ ವಿದ್ಯೆಯೇ.

ಇನ್ನು ಓದಿನ ವಿಷಯ. ನಮ್ಮ ಬೆಂಗಳೂರು ಉತ್ತರಕ್ಕೆ ಈ ಮಟ್ಟಿಗೆ ಒಳ್ಳೆ ಹಿನ್ನೆಲೆ ಇದೆ. ಯಶವಂತಪುರದ ಆಚೆ ಕಂಠೀರವ ಸ್ಟುಡಿಯೋ ಇದೆ. ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಅದರ ಬೇರು ಇರುವುದು 1940ರ ದಶಕದ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ. ಗುರುದತ್ ಅವರ 'ಕಾಗಜ್ ಕೆ ಫೂಲ್' (1959) ಚಿತ್ರೀಕರಿಸಿದ, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಅಲ್ಲೇ. ಆದರೆ ಅದರ ಹೆಸರು ಕ್ಯಾಮೆರಾ ಮತ್ತು ಧ್ವನಿಗೆ, ಅದೂ ಡಿಪ್ಲೊಮಾ ಮಟ್ಟದಲ್ಲಿ. ನಿರ್ಮಾಣವನ್ನೇ ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕು ಅಂದರೆ ಕೋಲ್ಕತ್ತಾದ ದಾರಿ ಹಿಡಿಯಬೇಕು.

ಅಲ್ಲಿ 1995ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಸತ್ಯಜಿತ್ ರಾಯ್ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ, ಆನಿಮೇಷನ್ ಜತೆಗೆ ಸಿನಿಮಾ ಮತ್ತು ಟಿವಿ ನಿರ್ಮಾಣಕ್ಕೂ ಮೂರು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ಯಾವುದೇ ಪದವಿ ಇದ್ದರೂ ಅರ್ಜಿ ಹಾಕಬಹುದು, ಬಿ.ಇ. ಕೂಡ ನಡೆಯುತ್ತೆ. ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಸೀಟು ಬಹಳ ಕಡಿಮೆ. ಹೊರದೇಶದಲ್ಲಿ ಲಾಸ್ ಏಂಜಲೀಸ್‌ನ ಎಎಫ್‌ಐ, ಯುಎಸ್‌ಸಿ, ಇಂಗ್ಲೆಂಡಿನ ಎನ್‌ಎಫ್‌ಟಿಎಸ್‌ನಲ್ಲಿ ಎರಡು ವರ್ಷದ ಕೋರ್ಸ್‌ಗಳಿವೆ. ಆದರೆ ಅಲ್ಲಿಯ ಫೀಸು ಕೇಳಿದರೆ ಮನೆಯಲ್ಲಿ ಅಪ್ಪ ಅಮ್ಮ ಒಂದು ನಿಮಿಷ ಮಾತೇ ಆಡಲ್ಲ.

ಓದಲೇಬೇಕಾ? ಇಲ್ಲ. ನಿರ್ಮಾಪಕರಾಗಲು ಯಾವ ಸರ್ಟಿಫಿಕೇಟೂ ಬೇಡ. ಪ್ರೊಡಕ್ಷನ್ ಅಸಿಸ್ಟೆಂಟ್ ಆಗಿ ಸೇರಿ ಕೆಳಗಿನಿಂದ ಕಲಿತವರೇ ಹೆಚ್ಚು. 'ಕಿರಿಕ್ ಪಾರ್ಟಿ'ಯ ನಿರ್ಮಾಪಕರಲ್ಲಿ ಒಬ್ಬರಾದ ರಕ್ಷಿತ್ ಶೆಟ್ಟಿ ನಮ್ಮ ಹಾಗೇ ಎಂಜಿನಿಯರಿಂಗ್ ಓದಿದವರು. ಆದರೆ ಕೋರ್ಸ್‌ನಲ್ಲಿ ಒಂದು ಲಾಭ ಇದೆ. ತಪ್ಪು ಮಾಡಿದರೆ ಪ್ರಾಜೆಕ್ಟ್ ಸಿನಿಮಾ ಕೆಡುತ್ತದೆ, ಜಮೀನು ಹೋಗುವುದಿಲ್ಲ. ಜತೆಗೆ ನಾಳೆ ಕ್ಯಾಮೆರಾ ಹಿಡಿಯುವವರು, ನಿರ್ದೇಶನ ಮಾಡುವವರು ಪಕ್ಕದ ಕ್ಲಾಸಿನಲ್ಲೇ ಸಿಗುತ್ತಾರೆ.

ನಮ್ಮ ಸಲಹೆ ಇಷ್ಟೇ. ಕೋಲ್ಕತ್ತಾಗೆ ಅರ್ಜಿ ಹಾಕುವ ಮುಂಚೆ ಒಂದು ಕಿರುಚಿತ್ರಕ್ಕೆ ನಿರ್ಮಾಪಕರಾಗಿ ನೋಡಿ. ಬಜೆಟ್ ಬರೆಯಿರಿ, ಅದರ ಮೇಲೆ ನೂರಕ್ಕೆ ಹತ್ತು ಆಪತ್ಕಾಲಕ್ಕೆ ಎತ್ತಿಡಿ. ಅನುಮತಿಗೆ ಓಡಾಡಿ, ಊಟದ ಲೆಕ್ಕ ಇಡಿ. ಕೊನೆಯ ದಿನವೂ ಈ ಕೆಲಸ ಬೇಜಾರಾಗದಿದ್ದರೆ ಅರ್ಜಿ ಹಾಕಿ.

ಈ ವರ್ಷದ ನಮ್ಮ ಕಿರುಚಿತ್ರಕ್ಕೆ ಕಥೆ ಇನ್ನೂ ಸಿಕ್ಕಿಲ್ಲ. ನಿರ್ಮಾಪಕರನ್ನು ಮಾತ್ರ ಮೊದಲೇ ಆರಿಸಿದ್ದೇವೆ. ಥರ್ಡ್ ಸೆಮ್ ಸಿವಿಲ್‌ನ ಹುಡುಗಿ. ಮೊದಲ ಮೀಟಿಂಗ್‌ನಲ್ಲೇ ಅವಳು ಕೇಳಿದ್ದು, "ಹೋದ ವರ್ಷದ ಬಿಲ್ಲುಗಳೆಲ್ಲ ಎಲ್ಲಿ?" ಹುಡುಕುತ್ತಿದ್ದೇವೆ.