ಹಳೆಯ ಮನೆಗೆ ಕೊಳ್ಳುವವರು ಬಾರದಿದ್ದಾಗ

ಅಡಿಕೆ ಹಾಕಲು ಸೊಸೈಟಿಗೆ ಹೋದಾಗಲೆಲ್ಲ ಎರಡು ವರ್ಷ ಕಾಲ ನಮಗೆ ಎದುರಾದದ್ದು ಒಂದೇ ಪ್ರಶ್ನೆ: "ಮನೆ ಹೋಯ್ತಾ ಮಾರಾಯ್ರೆ?" ಹೋಗಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಇದೇ ಪ್ರಶ್ನೆಯನ್ನು ಎದುರಿಸುತ್ತಿರುವ ಕುಟುಂಬಗಳು ಈಗ ಒಂದೆರಡಲ್ಲ. ಆದ್ದರಿಂದ ನಾವು ಪಟ್ಟ ಪಾಡನ್ನೂ, ಅದರಲ್ಲಿ ಕಲಿತದ್ದನ್ನೂ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆ. ಮುತ್ತಜ್ಜನ ಕಾಲದ್ದು. ಮಣ್ಣಿನ ಗೋಡೆ, ನಡುವೆ ತೊಟ್ಟಿ, ತೊಟ್ಟಿಯ ಸುತ್ತ ಮತ್ತು ಜಗಲಿಯಲ್ಲಿ ಸೇರಿ 16 ಮುಂಡಿಗೆ, ಮೇಲೆ ಉಪ್ಪರಿಗೆ, ಹಿಂದೆ ಬಚ್ಚಲು, ಕೊಟ್ಟಿಗೆ. ಕೆಳಗೆ 1 ಎಕರೆ 20 ಗುಂಟೆ ತೋಟ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಪೇಟೆಗೆ ಬಂದರು. ಅಣ್ಣ ಬೆಂಗಳೂರಿನಲ್ಲಿ, ತಂಗಿ ಸಾಗರದಲ್ಲಿ. ಮನೆಗೆ ಬೀಗ ಬಿತ್ತು. ಜನ ಇಲ್ಲದ ಮಣ್ಣಿನ ಮನೆ ನಮ್ಮ ಮಳೆಯಲ್ಲಿ ಎಷ್ಟು ಬೇಗ ಸೋಲುತ್ತದೆ ಎಂಬುದನ್ನು ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆಯ ಸುತ್ತಿನವರಿಗೆ ಹೇಳಬೇಕಾಗಿಲ್ಲ. ಒಂದು ಹೆಂಚು ಜಾರಿದರೆ ಒಂದು ಮಳೆಗಾಲಕ್ಕೆ ರೀಪು, ಎರಡನೆಯ ಮಳೆಗಾಲಕ್ಕೆ ಜಂತಿ, ಮೂರನೆಯದಕ್ಕೆ ಗೋಡೆ. ಒಲೆಯ ಹೊಗೆ ನಿಂತ ದಿನದಿಂದಲೇ ಗೆದ್ದಲು ಮೇಲೇರಲು ಹೊರಡುತ್ತದೆ. ಮಾರುವುದಾದರೆ ಬೇಗ ಮಾರಬೇಕು, ಇಲ್ಲವಾದರೆ ಮಾರಲು ಏನೂ ಉಳಿಯುವುದಿಲ್ಲ ಎಂಬ ಸ್ಥಿತಿ ನಮ್ಮದಾಗಿತ್ತು.

ಮೊದಲು ಬಂದವರೆಲ್ಲ ಮನೆ ಕೊಳ್ಳುವವರಲ್ಲ, ಮನೆ ಬಿಚ್ಚುವವರು. ಒಬ್ಬರಂತೂ ಒಳಗೆ ಕಾಲಿಡದೆ ಜಗಲಿಯಲ್ಲೇ ನಿಂತು, "ಮಣ್ಣಿಗೆ ಯಾರು ದುಡ್ಡು ಕೊಡ್ತಾರೆ ಸ್ವಾಮಿ, ಮುಂಡಿಗೆ ಎಷ್ಟಿದೆ ಹೇಳಿ" ಎಂದರು. ಪ್ರಧಾನ ಬಾಗಿಲಿನ ದಾರಂದವನ್ನು ಉಗುರಿನಿಂದ ಕೆರೆದು ನೋಡಿದರು. ಅಮ್ಮ ಅಂದು ಒಳಗಿದ್ದರು. ಅವರು ಹೋದ ಮೇಲೆ, "ಇದು ಹೋಗುವುದಾದರೆ ನಿಂತ ಹಾಗೇ ಹೋಗಲಿ" ಎಂದಷ್ಟೇ ಹೇಳಿದರು.

ಮರದ ವ್ಯಾಪಾರಿಯ ಲೆಕ್ಕವನ್ನೂ ನಾವು ತಾಳ್ಮೆಯಿಂದ ಹಾಕಿ ನೋಡಿದೆವು. ಬಿಚ್ಚುವ ಕೂಲಿ, ಹೆಂಚು ಇಳಿಸುವಾಗ ಒಡೆಯುವ ನಷ್ಟ, ಲಾರಿ ಬಾಡಿಗೆ ಎಲ್ಲ ಕಳೆದೇ ಅವರು ಬೆಲೆ ಹೇಳುವುದು. ಹಳೆಯದಾದರೂ ಮರ ಮರವೇ. ಬೀಟೆ, ಸಾಗುವಾನಿ, ಹೊನ್ನೆಯನ್ನು ಲಾರಿಗೆ ಹೇರುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ಕೊನೆಗೆ ಮಾರುವವನಿಗೆ ಉಳಿಯುವುದು ಒಂದಿಷ್ಟು ಹಣ ಮತ್ತು ಮಣ್ಣಿನ ಒಂದು ದಿಬ್ಬ. ಮನೆಯಿಲ್ಲದ ತೋಟದ ಬೆಲೆಯೂ ಇಳಿಯುತ್ತದೆ, ಏಕೆಂದರೆ ದೂರದಿಂದ ಬಂದು ಕೊಳ್ಳುವವನಿಗೆ ಉಳಿಯಲು ಸೂರಿರುವುದಿಲ್ಲ. ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಹಾಗೆಯೇ ನಿಲ್ಲಿಸಿದ್ದನ್ನು ನೋಡಿದವರು ನಮ್ಮಲ್ಲಿದ್ದಾರೆ. ಅದು ತಪಸ್ಸು, ಎಲ್ಲ ಮುಂಡಿಗೆಗಳಿಗೂ ಅಂಥ ಭಾಗ್ಯವಿಲ್ಲ. ಹೆಚ್ಚಿನವು ಯಾವುದೋ ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲುತ್ತವೆ.

ನಿಂತ ಮನೆಯನ್ನು ನಿಂತ ಹಾಗೇ ಕೊಳ್ಳುವವರು ಯಾರು? ಇದನ್ನು ಯೋಚಿಸದೆ ನಾವು ಒಂದು ವರ್ಷ ಕಳೆದೆವು. ಊರಿನ ಬೆಳೆಗಾರನಿಗೆ ತನ್ನ ಮನೆಯೇ ಭಾರ. ಅವನಿಗೆ ಬೇಕಾದರೆ ತೋಟ ಬೇಕು. ಹೊರಗಿನಿಂದ ಬರುವವರಲ್ಲಿ ಒಂದು ಬಗೆಯವರು ನಮ್ಮ ಕಡೆಯಿಂದಲೇ ಹೋಗಿ ಬೆಂಗಳೂರಿನಲ್ಲಿ ನೆಲೆಸಿ ಈಗ ಹಿಂದಿರುಗುವ ಮನಸ್ಸುಳ್ಳವರು. ಇನ್ನೊಂದು ಬಗೆಯವರು ಹೋಂಸ್ಟೇ ಮಾಡುವವರು. ಆಗುಂಬೆಯ ದೊಡ್ಡಮನೆಯಲ್ಲಿ 1980ರ ದಶಕದಲ್ಲಿ ಶಂಕರನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಮೇಲೆ ಆ ಜಗಲಿಯನ್ನು ನೋಡಲೆಂದೇ ಜನ ಬರುತ್ತಿದ್ದಾರೆ. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಪ್ರತಿಷ್ಠಾನದವರು ದುರಸ್ತಿ ಮಾಡಿ ನಿಲ್ಲಿಸಿದ ಮೇಲೆ, ತೊಟ್ಟಿಮನೆ ಎಂದರೇನು ಎಂದು ಕಾಣದವರೂ ಅಲ್ಲಿ ನಿಂತು ಕಂಡರು. ನಮ್ಮ ಮನೆ ಕೊಂಡವರು ಕೂಡ ಮೊದಲು ಕುಪ್ಪಳಿ ನೋಡಿ ಬಂದವರೇ.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಬಗ್ಗೆ ನಮ್ಮ ಸದಸ್ಯರಲ್ಲೇ ಎರಡು ಮತವಿದೆ, ನಮ್ಮ ಮನೆಯಲ್ಲೂ ಇದೆ. ಮಾರುವವನ ದೃಷ್ಟಿಯಿಂದ ಮಾತ್ರ ಹೇಳುವುದಾದರೆ, ಬಾಗಿಲು ತಟ್ಟುವವರ ಸಂಖ್ಯೆ ಹೆಚ್ಚಿದೆ. ದಾರಿಯೂ ಹತ್ತಿರವಾಗಿದೆ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವಾಯಿತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೆ ತುಮರಿಯ ಕಡೆಯವರು ಲಾಂಚ್ ಕಾಯುವ ಕಾಲ ಮುಗಿಯಿತು. ಅತ್ತ ಕಡೆ ಮನೆಯಿರುವವರು ಹಳೆಯ ಬೆಲೆಗೆ ಅವಸರಪಡಬಾರದೆಂದು ನಮ್ಮ ಅಭಿಪ್ರಾಯ.

ಹೀಗೆ ಬಂದವರು ಏಕೆ ಹಿಂದಿರುಗಿದರು? ಮನೆ ಹಳೆಯದೆಂದು ಅಲ್ಲ. ಕಾಗದ ನೋಡಿ.

ನಮ್ಮ ತೋಟದ ಪಹಣಿಯಲ್ಲಿ ಅಜ್ಜನ ಹೆಸರೇ ಇತ್ತು. ಅಪ್ಪ ಪೌತಿ ಖಾತೆ ಮಾಡಿಸಿರಲಿಲ್ಲ. ಮಾಡಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಮನೆಗಂದಾಯದ ರಸೀದಿಗಳನ್ನು ಅಪ್ಪ ತಂತಿಗೆ ಪೋಣಿಸಿ ಜೋಪಾನ ಮಾಡಿದ್ದರು. ರಸೀದಿ ಕಂದಾಯ ಕಟ್ಟಿದ್ದಕ್ಕೆ ಸಾಕ್ಷಿ, ಒಡೆತನಕ್ಕಲ್ಲ ಎಂಬುದು ನಮಗೆ ತಿಳಿದದ್ದು ಕೊಳ್ಳಲು ಬಂದವರ ವಕೀಲರಿಂದ. ಗ್ರಾಮಠಾಣಾದೊಳಗಿನ ಮನೆಗಾದರೆ ಪಂಚಾಯ್ತಿಯಲ್ಲಿ ಇ-ಸ್ವತ್ತಿನ ನಮೂನೆ 9, 11 ಸಿಗುತ್ತದೆ. ಮಲೆನಾಡಿನ ಒಂಟಿಮನೆಗಳು ಹೆಚ್ಚಾಗಿ ಗ್ರಾಮಠಾಣಾದಲ್ಲಿಲ್ಲ. ತೋಟದ ತಲೆಯಲ್ಲೋ ಬೆಟ್ಟದ ಬುಡದಲ್ಲೋ ಇರುತ್ತವೆ. ಪಹಣಿಯ ಪ್ರಕಾರ ಅಲ್ಲಿ ಮನೆಯೇ ಇಲ್ಲ, ಅಡಿಕೆ ಇದೆ!

ಅಳತೆ ಮಾಡಿಸಿದಾಗ ಇನ್ನೊಂದು ಸಂಗತಿ ಹೊರಬಂತು. ಮನೆ ನಮ್ಮ ನಂಬರಿನೊಳಗೇ ಇದೆ, ಆದರೆ ಕೊಟ್ಟಿಗೆಯೂ ಅಂಗಳದ ಒಂದು ಮೂಲೆಯೂ ಸೊಪ್ಪಿನ ಬೆಟ್ಟದಲ್ಲಿವೆ. ಸೊಪ್ಪಿನ ಬೆಟ್ಟ ಮತ್ತು ಕಾನು ನಮ್ಮ ಸ್ವತ್ತಲ್ಲ. 1964ರ ಭೂಕಂದಾಯ ಕಾಯ್ದೆಯ 79ನೆಯ ಕಲಮು ಉಳಿಸಿಕೊಟ್ಟಿರುವುದು ಸೊಪ್ಪು, ಸೌದೆಯ ಸವಲತ್ತನ್ನು ಮಾತ್ರ. ಅದನ್ನು ಸ್ವಂತ ಜಮೀನೆಂದು ಹೇಳಿ ಕ್ರಯಪತ್ರದಲ್ಲಿ ಬರೆಸುವಂತಿಲ್ಲ. ಮಧ್ಯಸ್ಥರೊಬ್ಬರು, "ಈಗ ಹೇಳಬೇಡಿ, ಮುಂಗಡ ಆದಮೇಲೆ ನೋಡೋಣ" ಎಂದು ಸಲಹೆ ಕೊಟ್ಟರು. ನಾವು ಆ ಸಲಹೆ ಹಿಡಿದು ಒಬ್ಬ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡೆವು. ಅವರು ತಾವಾಗಿಯೇ ಕಂಡುಹಿಡಿದರು, ಮತ್ತೆ ಫೋನು ಎತ್ತಲಿಲ್ಲ. ಮುಂದಿನವರಿಗೆ ನಕ್ಷೆಯನ್ನು ಮೊದಲ ದಿನವೇ ಮೇಜಿನ ಮೇಲಿಟ್ಟೆವು. ಬೆಲೆ ಸ್ವಲ್ಪ ಇಳಿಯಿತು, ವ್ಯಾಪಾರ ಮುರಿಯಲಿಲ್ಲ.

ಶರಾವತಿ ಮುಳುಗಡೆಯಿಂದ ಎದ್ದು ಬಂದು ಮನೆ ಕಟ್ಟಿಕೊಂಡವರಲ್ಲಿ ಇನ್ನೂ ಹಕ್ಕುಪತ್ರವೇ ಆಗದವರಿದ್ದಾರೆ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ! ಅವರ ಕಷ್ಟ ಬೇರೆಯೇ ಲೇಖನಕ್ಕೆ ವಸ್ತು. ಮಂಜೂರಾದ ಜಮೀನಿನ ಮನೆಯಾದರೆ ಮಂಜೂರಾತಿಯ ಷರತ್ತುಗಳನ್ನು ಓದಿ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ.

ತಂಗಿಯ ಸಹಿಯ ವಿಷಯವನ್ನೂ ಮುಚ್ಚಿಡದೆ ಹೇಳಿಬಿಡುತ್ತೇವೆ. ಮದುವೆ ಮಾಡಿ ಕೊಟ್ಟಾಯಿತು, ಕೇಳಬೇಕಾದ್ದೇನು ಎಂಬ ಧಾಟಿಯಲ್ಲೇ ನಾವು ಹೊರಟಿದ್ದೆವು. ಕರ್ನಾಟಕದಲ್ಲಿ 1994ರಿಂದ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೂ, 2005ರ ತಿದ್ದುಪಡಿಯಿಂದ ದೇಶದಾದ್ಯಂತ ಮದುವೆಯಾದವರಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ. 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಆಕೆಯ ಸಹಿಯಿಲ್ಲದ ಮನೆಯನ್ನು ತಿಳಿದವರಾರೂ ಕೊಳ್ಳುವುದಿಲ್ಲ. ಆದರೆ ಕಾನೂನಿಗಿಂತ ಮೊದಲು ನಮಗೆ ನಾಚಿಕೆಯಾದದ್ದು ಬೇರೆ ಮಾತಿಗೆ. ಸಾಗರಕ್ಕೆ ಹೋಗಿ ಕುಳಿತಾಗ ತಂಗಿ ಕೇಳಿದ್ದು ದುಡ್ಡಿನ ಪಾಲನ್ನಲ್ಲ. "ಮಾರುವ ವಿಷಯ ನನಗೆ ಊರವರ ಬಾಯಿಂದ ಗೊತ್ತಾಗಬೇಕಾ ಅಣ್ಣಾ?" ಎಂದಳು. ಆಮೇಲೆ ಪಾಲನ್ನೂ ಸಮನಾಗಿ ಹಂಚಿದೆವು. ಗಿರಾಕಿ ಬಂದಾಗ ಮನೆ ತೋರಿಸುವ ಕೆಲಸದಲ್ಲಿ ಆಕೆಯೇ ನಮ್ಮೆಲ್ಲರಿಗಿಂತ ಜಾಣೆಯಾದಳು. ಯಾವ ಕಿಟಕಿಯಿಂದ ಬೆಳಗಿನ ಬಿಸಿಲು ಬರುತ್ತದೆ, ಯಾವ ಮೂಲೆಯಲ್ಲಿ ಬಾಣಂತಿ ಮಲಗುತ್ತಿದ್ದರು ಎಂಬುದೆಲ್ಲ ಆಕೆಗೆ ಗೊತ್ತು.

ಇನ್ನು ಮನೆಯ ಅಂದಚಂದ. ಇದರಲ್ಲಿ ನಾವು ಮಾಡಿದ ಹುಚ್ಚಾಟಕ್ಕೆ ಮಿತಿಯಿಲ್ಲ. ಹೊಸದಾಗಿ ಕಾಣಲಿ ಎಂದು ಜಗಲಿಯ ಕೆಂಪು ಗಾರೆಯ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಸಿದೆವು. ಮುಂಡಿಗೆಗಳಿಗೆ ಕಂದು ಬಣ್ಣದ ಎಣ್ಣೆಬಣ್ಣ ಬಳಿಸಿದೆವು. ಬಂದವರು ಮೊದಲು ಕೇಳಿದ್ದು, "ಹಳೆಯ ನೆಲ ಏನಾಯಿತು?" ಎಂದು. ಟೈಲ್ಸ್ ಕೀಳಿಸಲು ಮತ್ತೆ ಖರ್ಚು. ಹಳೆಯ ಮನೆ ಕೊಳ್ಳಲು ಬರುವವನು ಹಳೆಯದನ್ನೇ ನೋಡಲು ಬರುತ್ತಾನೆ. ಹೊಸದು ಬೇಕಿದ್ದರೆ ಅವನಿಗೆ ಶಿವಮೊಗ್ಗದಲ್ಲಿ ಬಡಾವಣೆಗಳಿಗೆ ಬರವಿಲ್ಲ. ಸಾಗರದ ಕಡೆ ದೀವರ ಮನೆಗಳಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಉಳಿದಿದ್ದರೆ ದಯವಿಟ್ಟು ಡಿಸ್ಟೆಂಪರ್ ಬಳಿಯಬೇಡಿ.

ಖರ್ಚು ಮಾಡುವುದಿದ್ದರೆ ಮಾಡಿಗೆ ಮಾಡಿ. ಹೆಂಚು ಕೈಯಾಡಿಸಿ, ಹಾಳಾದ ರೀಪು, ಪಕಾಸಿ ಬದಲಿಸಿ. ಕತ್ತಲ ನಡುಮನೆಗೆ ನಾಲ್ಕು ಗಾಜಿನ ಹೆಂಚು ಹಾಕಿದ್ದು ನಮ್ಮ ಇಡೀ ದುರಸ್ತಿಯಲ್ಲಿ ಅತಿ ಅಗ್ಗದ್ದು ಮತ್ತು ಅತಿ ಹೆಚ್ಚು ಫಲ ಕೊಟ್ಟದ್ದು. ಅದರ ನಂತರ ಒಂದು ಒಳ್ಳೆಯ ಪಾಯಖಾನೆ, ಬಿಸಿನೀರಿನ ಸ್ನಾನದ ಮನೆ. ಪೇಟೆಯವರು ಹಂಡೆಯನ್ನು ಮೆಚ್ಚಿ ಫೋಟೋ ತೆಗೆಯುತ್ತಾರೆ, ಆದರೆ ರಾತ್ರಿ ಅಂಗಳ ದಾಟಿ ಹೋಗಲು ಒಪ್ಪುವುದಿಲ್ಲ. ವಿದ್ಯುತ್ತಿನ ಹಳೆಯ ತಂತಿ ಬದಲಿಸಿ. ಅಟ್ಟ ಖಾಲಿ ಮಾಡಿ. ನಮ್ಮ ಅಟ್ಟದಲ್ಲಿ ಮುರಿದ ತೊಟ್ಟಿಲು, ಗೊರಬು, ಮೂರು ಗೋಣಿ ಹಳೆಯ ಕಾಗದ ಸಿಕ್ಕಿತು. ತಾಳೆಗರಿ, ಕಡತ ಸಿಕ್ಕಿದವರು ಬಚ್ಚಲ ಒಲೆಗೆ ಹಾಕುವ ಮೊದಲು ಕೆಳದಿಯ ವಸ್ತುಸಂಗ್ರಹಾಲಯದವರಿಗೆ ಒಮ್ಮೆ ತೋರಿಸುವುದು ಲೇಸು.

ಗೆದ್ದಲು ಹಿಡಿದ ಒಂದು ಮುಂಡಿಗೆಯನ್ನು ನಾವು ಬಚ್ಚಿಡಲಿಲ್ಲ. ಬುಡ ಕೊರೆದು ತೋರಿಸಿ, ಬಡಗಿ ಹೇಳಿದ ಖರ್ಚನ್ನೂ ಬರೆದುಕೊಟ್ಟೆವು. ಉಳಿದ 15ರ ಬಗ್ಗೆ ಅವರು ಮತ್ತೆ ಕೇಳಲಿಲ್ಲ.

ತೋರಿಸುವ ಕಾಲದ ಬಗ್ಗೆ ಎಲ್ಲರೂ ಹೇಳುವುದು ಮಾರ್ಗಶಿರ, ಪುಷ್ಯದಲ್ಲಿ ತೋರಿಸಿ ಎಂದು. ನಮ್ಮ ಅನುಭವ ಅದಕ್ಕೆ ವಿರುದ್ಧ. ಜುಲೈಯಲ್ಲಿ ಬಂದು, ಸೋರದ ಮಾಡನ್ನೂ ಕಾರು ಬರುವ ದಾರಿಯನ್ನೂ ಕಣ್ಣಾರೆ ನೋಡಿದವರೇ ಕೊನೆಗೆ ಕೊಂಡರು. ಇಂಬಳ, ಕರೆಂಟು ಹೋಗುವುದು, ಫೋನಿನ ಸಿಗ್ನಲ್ ಉಪ್ಪರಿಗೆಯಲ್ಲಿ ಮಾತ್ರ ಸಿಗುವುದು, ತೋಟದ ಎಲೆಚುಕ್ಕಿ ಎಲ್ಲವನ್ನೂ ಮೊದಲೇ ಹೇಳಿದ್ದೆವು. ಕಸ್ತೂರಿರಂಗನ್ ವರದಿಯ ಬಗ್ಗೆ ಕೇಳಿದರು. ಆ ಕರಡು ಅಧಿಸೂಚನೆಯಲ್ಲಿ ಇರುವ ಮನೆಗಳ ದುರಸ್ತಿಗಾಗಲಿ ಆಸ್ತಿಯ ವರ್ಗಾವಣೆಗಾಗಲಿ ಅಡ್ಡಿ ಹೇಳಿಲ್ಲ; ಆ ಪುಟವನ್ನೇ ಅವರಿಗೆ ಕೊಟ್ಟೆವು.

ಬೆಲೆಯ ಬಗ್ಗೆ ಒಂದೇ ಮಾತು. ಅಣ್ಣ ಒಂದು ಹೇಳುವುದು, ತಮ್ಮ ಒಂದು ಹೇಳುವುದು, ಮಧ್ಯಸ್ಥ ಮೂರನೆಯದನ್ನು ಹೇಳುವುದು ಆದರೆ ಗಿರಾಕಿ ನಾಲ್ಕನೆಯದಕ್ಕೆ ಕೈಹಾಕುತ್ತಾನೆ. ತೋಟಕ್ಕೆ ಬೇರೆ, ಮನೆಗೆ ಬೇರೆ ಲೆಕ್ಕ ಬರೆದು ಒಬ್ಬರೇ ಮಾತಾಡಿ. ಹಳ್ಳಿಯ ಕೃಷಿ ಜಮೀನಿನ ಮಾರಾಟದ ಲಾಭಕ್ಕೆ ಆದಾಯ ತೆರಿಗೆ ಬೀಳುವುದಿಲ್ಲವಾದರೂ ಮನೆಯ ಭಾಗಕ್ಕೆ ಬೀಳುತ್ತದೆ. 2024ರ ಜುಲೈ 23ರಿಂದ ದರ ಬದಲಾಗಿ 12.5 ಶೇಕಡಾ ಲೆಕ್ಕ ಬಂದಿದೆ. ಹಳೆಯ ಆಸ್ತಿಗೆ ಬೆಲೆಯೇರಿಕೆ ಕಳೆದು 20 ಶೇಕಡಾ ಹಾಕುವ ದಾರಿಯನ್ನೂ ಉಳಿಸಿದ್ದಾರೆ. ಎರಡರಲ್ಲಿ ಯಾವುದು ಕಡಿಮೆ ಎಂದು ಲೆಕ್ಕಪರಿಶೋಧಕರನ್ನು ಕೇಳಿಯೇ ಕ್ರಯಪತ್ರದ ಮೊತ್ತಗಳನ್ನು ಬರೆಸಿ.

ಕೊನೆಗೆ ಉಳಿದದ್ದು ಚೌಡಿಬನ. ತೋಟದ ಮೇಲ್ಭಾಗದಲ್ಲಿ ನಮ್ಮ ಚೌಡಿಯ ಕಲ್ಲಿದೆ, ಕೇರಿಯ ನಾಲ್ಕು ಮನೆಯವರು ವರ್ಷಕ್ಕೊಮ್ಮೆ ಅಲ್ಲಿಗೆ ಹಣ್ಣುಕಾಯಿ ಒಯ್ಯುತ್ತಾರೆ. ಕೊಂಡವನು ಬೇಲಿ ಹಾಕಿಬಿಟ್ಟರೆ? ಅಮ್ಮನ ಚಿಂತೆ ಅದೊಂದೇ ಆಗಿತ್ತು. ಬನಕ್ಕೆ ಹೋಗುವ ಕಾಲುದಾರಿಯನ್ನು ನಕ್ಷೆಯಲ್ಲಿ ಗುರುತಿಸಿ, ಪೂಜೆಗೆ ಹೋಗಿಬರುವ ಹಕ್ಕನ್ನು ಕ್ರಯಪತ್ರದಲ್ಲೇ ಬರೆಸಿದೆವು. ಕೊಂಡವರು ತಕರಾರು ಮಾಡಲಿಲ್ಲ. ಪೂಜೆಯ ದಿನ ಯಾವುದೆಂದು ಮಾತ್ರ ಕೇಳಿ ಬರೆದುಕೊಂಡರು.

ಕಳೆದ ಮೇ ಕೊನೆಯಲ್ಲಿ ಅವರ ಫೋನು ಬಂತು. ಗೋಡೆಗೆ ಸೋಗೆ ತಟ್ಟಿ ಕಟ್ಟುವವರು ಯಾರು, ಎಷ್ಟು ಹೊರೆ ಸೋಗೆ ಬೇಕು, ಪಡುವಣ ಗೋಡೆಗೆ ಮೊದಲೋ ತೆಂಕಣ ಗೋಡೆಗೋ ಎಂದು ವಿಚಾರಿಸಿದರು. ಅಮ್ಮ ಫೋನು ತೆಗೆದುಕೊಂಡು ಅರ್ಧ ಗಂಟೆ ಮಾತಾಡಿದರು.